ಅಣ್ಣನ ಬಲಗೈ

ನಾನು ಮೈಸೂರಿನಲ್ಲಿ ಡಾಕ್ಟರಿಕೆ ಓದುತ್ತಿದ್ದ ಮೂರನೆಯ ವರ್ಷ ನನ್ನ ಅಣ್ಣನಿಗೆ ಲಕ್ವ ಹೊಡೆಯಿತು. ಚಿನಕುರಳಿಯ ನಮ್ಮ ತೋಟದ ಬಾವಿಯಲ್ಲಿ ನೀರೆತ್ತಲು ಕಪಿಲೆ ಹೊಡೆಯುತ್ತಿದ್ದವನು ಎತ್ತುಗಳ ಹಿಂದೆಯೇ ಕುಸಿದು ಬಿದ್ದನಂತೆ. ಇನ್ನೂ ನಲವತ್ತು ದಾಟಿರಲಿಲ್ಲ. ಅಪ್ಪ ಹೋದ ಮೇಲೆ ಬೇಸಾಯವನ್ನೆಲ್ಲ ತಾನೊಬ್ಬನೇ ಹೊತ್ತು, ನನ್ನನ್ನು ಓದಲು ಕಳಿಸಿದವನು ಅವನು. ಜೀವವೇನೋ ಉಳಿಯಿತು. ಬಲಗಾಲು, ಬಲಗೈ, ಮಾತು ಮೂರೂ ಹೋದವು. ಕಾಲು ಅಷ್ಟಿಷ್ಟು ಮರಳಿ, ಗೋಡೆ ಹಿಡಿದು ಕೊಟ್ಟಿಗೆಯವರೆಗೆ ಹೋಗಿಬರುವಂತಾಯಿತು.

ಕೈ ಮತ್ತು ಮಾತನ್ನು ಮರಳಿ ತರಲು ಅತ್ತಿಗೆ ಹಟ ಹಿಡಿದಳು. ದಿನಾ ಬೆಳಿಗ್ಗೆ ಜಗಲಿಯಲ್ಲಿ ಅವನೆದುರು ಮೊರ ಇಟ್ಟು, ಅದರಲ್ಲಿ ಅವರೆಕಾಳು ಹರಡಿ, ಒಂದೊಂದೇ ಕಾಳನ್ನು ಬಲಗೈಯಿಂದ ಎತ್ತಿಸಿ ಬಟ್ಟಲಿಗೆ ಹಾಕಿಸುತ್ತಿದ್ದಳು.

"ಎತ್ತಿ. ಬಿತ್ತಾ? ಬೀಳ್ಲಿ ಬುಡಿ, ಇನ್ನೊಂದ್ ಎತ್ತಿ."

ಚೊಂಬು ತೋರಿಸಿ, ಅವನ ಬಾಯಿಂದ 'ನೀರು' ಅನ್ನುವ ಮಾತು ಹೊರಡುವ ತನಕ ಕಾಯುತ್ತಿದ್ದಳು. ದಸರಾ ರಜಕ್ಕೆ ನಾನು ಊರಿಗೆ ಬರುವ ವೇಳೆಗೆ ಅಣ್ಣ ನಾಲ್ಕೈದು ಮಾತು ಆಡುತ್ತಿದ್ದ, ಬಟ್ಟಲ ತಳ ಮುಚ್ಚುವಷ್ಟು ಕಾಳು ಎತ್ತುತ್ತಿದ್ದ.

ಆ ರಜಕ್ಕೆ ಸ್ವಲ್ಪ ಮುಂಚೆ ನಮ್ಮ ಉಪಾಧ್ಯಾಯರು ಲಕ್ವದಿಂದ ಸತ್ತ ಒಬ್ಬರ ಮಿದುಳಿನ ತೆಳು ಪದರವನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ದರು. ನರಕೋಶಗಳು ಇರಬೇಕಾದ ಕಡೆ ಅವು ಇರಲಿಲ್ಲ. ಅವುಗಳ ಸುತ್ತ ಇದ್ದು ಅವನ್ನು ಪೋಷಿಸುವ, ಗ್ಲಿಯಾ ಎಂಬ ಸಣ್ಣ ಕೋಶಗಳು ಮಾತ್ರ ಅಲ್ಲಿ ಗುಂಪುಗೂಡಿದ್ದವು. ಅವುಗಳಲ್ಲಿ ಕೆಲವು ಸತ್ತದ್ದನ್ನು ತಿಂದು ಜಾಗ ಚೊಕ್ಕಟ ಮಾಡುತ್ತವೆ, ಮತ್ತೆ ಕೆಲವು ಎಳೆ ಹೆಣೆದು ಗಾಯಕ್ಕೆ ಕಲೆ ಕಟ್ಟುತ್ತವೆ, ಸತ್ತ ನರಕೋಶ ಮಾತ್ರ ಮತ್ತೆ ಹುಟ್ಟುವುದಿಲ್ಲ ಎಂದರು. ನನಗೆ ಅಣ್ಣನ ತಲೆಯೊಳಗನ್ನೇ ನೋಡಿಬಂದ ಹಾಗಿತ್ತು.

ರಜದಲ್ಲಿ ಒಂದು ಬೆಳಿಗ್ಗೆ ಅತ್ತಿಗೆ ಮೊರದ ಮುಂದೆ ಕೂತೇ ಕೇಳಿದಳು:

"ಓದ್ದೋನು ನೀನು, ಯೋಳಪ್ಪ. ನಿಮ್ಮಣ್ಣನ ಕೈ ಮದ್ಲಿನಂಗಾಯ್ತದಾ?"

ಸುಳ್ಳು ಭರವಸೆ ಕೊಡಬಾರದೆಂದುಕೊಂಡೆ. ಕಲಿತದ್ದರ ಜಂಬವೂ ಇತ್ತೆಂದು ಈಗ ಅನ್ನಿಸುತ್ತದೆ. "ತಲೆಯೊಳಗೆ ಸತ್ತೋಗಿರೋದು ತಿರ್ಗಾ ಉಟ್ಟಾಕಿಲ್ಲ ಅತ್ತಿಗೆ. ಅಲ್ಲಿ ಈಗ ಬರೀ ಕಲೆ ಅದೆ. ಇದ್ರಿಂದ ಏನೂ ಪ್ರಯೋಜ್ನ ಇಲ್ಲ," ಅಂದೆ.

ಅಣ್ಣನ ಬೆರಳ ಸಂದಿಯಲ್ಲಿದ್ದ ಕಾಳು ಜಾರಿತು. ಅವನು ಇನ್ನೊಂದನ್ನು ಎತ್ತಲಿಲ್ಲ. ಎಡಗೈಯಿಂದ ಮೊರವನ್ನು ಮೆಲ್ಲಗೆ ಆಚೆ ನೂಕಿ ಗೋಡೆಯ ಕಡೆ ತಿರುಗಿದ.

ಅತ್ತಿಗೆ ನನ್ನನ್ನು ಹಿತ್ತಿಲಿಗೆ ಕರೆದೊಯ್ದಳು. "ಇಲ್ಲಿಗೆ ಕರ್ದು ಯೋಳ್ಬಾರ್ದಾಗಿತ್ತಾ? ಅವ್ರ ಬಾಯಿ ಓಗ್ಯದೆ, ಕಿವಿ ಓಗಿಲ್ಲ ಕಣಪ್ಪ," ಅಂದಳು.

ಮರುದಿನದಿಂದ ಎಷ್ಟು ಬೇಡಿಕೊಂಡರೂ ಅಣ್ಣ ಮೊರದ ಮುಂದೆ ಕೂರಲಿಲ್ಲ. ರಜ ಮುಗಿಸಿ ನಾನು ಮೈಸೂರಿಗೆ ಹೊರಟೆ.

ಬೇಸಿಗೆಯ ಹೊತ್ತಿಗೆ ನಮ್ಮ ವಾರ್ಡಿನಲ್ಲಿ ಅದೇ ಕಾಯಿಲೆಯ ಒಬ್ಬ ಗಾಡಿಯವನು ತನ್ನ ಅಂಗಿಯ ಗುಂಡಿಯನ್ನು ಸ್ವಾಧೀನ ತಪ್ಪಿದ್ದ ಬಲಗೈಯಿಂದಲೇ ಹಾಕಿಕೊಳ್ಳುವುದನ್ನು ಕಂಡೆ. ಓಡಿಹೋಗಿ ಉಪಾಧ್ಯಾಯರನ್ನು ಕೇಳಿದೆ.

"ಸತ್ತದ್ದು ಹುಟ್ಟೋದಿಲ್ಲ ಅಂದೆ. ಉಳಿದದ್ದು ಕಲಿಯೋದಿಲ್ಲ ಅಂತ ಯಾವತ್ತು ಅಂದೆ?" ಎಂದರು ಅವರು. "ಗಾಯದ ಸುತ್ತ ಬದುಕಿರೋ ನರಗಳು, ಕೆಲಸ ಕೊಟ್ಟರೆ, ಸತ್ತವುಗಳ ಕೆಲಸವನ್ನೂ ಒಂದಷ್ಟು ಮಾಡ್ತಾವೆ. ಹೇಗೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ."

ಆ ಭಾನುವಾರವೇ ರೈಲು ಹತ್ತಿ ಫ್ರೆಂಚ್ ರಾಕ್ಸ್ ಸ್ಟೇಷನ್ನಿನಲ್ಲಿ ಇಳಿದು ಊರಿಗೆ ನಡೆದೆ. ಅಣ್ಣ ಜಗಲಿಯಲ್ಲಿದ್ದ. ಬಲಗೈ ಮಡಿಚಿಕೊಂಡು ಎದೆಗೆ ಸೇರಿತ್ತು. ಬೆರಳುಗಳು ಮುಷ್ಟಿ ಕಟ್ಟಿ ಸೆಟೆದಿದ್ದವು. ಉಗುರು ಚುಚ್ಚಿ ಅಂಗೈ ಹುಣ್ಣಾಗದಿರಲೆಂದು ಅತ್ತಿಗೆ ಅದರೊಳಗೆ ಹಳೆಯ ಸೀರೆಯ ಚೂರು ತುರುಕಿದ್ದಳು. ನಾನು ಬೆರಳು ಬಿಡಿಸಲು ನೋಡಿದೆ. ಅವನು ನೋವಿಗೆ ಹಲ್ಲು ಕಚ್ಚಿದ.

"ಅಣ್ಣ, ಅವತ್ತು ನಾನು ಯೋಳಿದ್ದು ತೆಪ್ಪು. ಅರ್ಧ ತಿಳ್ಕಂಡು ಯೋಳ್ಬುಟ್ಟೆ. ತಿರ್ಗಾ ಸುರು ಮಾಡವಾ," ಅಂದೆ.

ಅವನು ನನ್ನ ಮುಖ ನೋಡಿದ. ಆಮೇಲೆ ತುಟಿ ಓರೆ ಮಾಡಿ, ಕಷ್ಟಪಟ್ಟು, "ಬುಡು" ಅಂದ. ಕೈ ಬಿಡು ಅಂದನೋ, ಆ ಮಾತು ಬಿಡು ಅಂದನೋ ತಿಳಿಯಲಿಲ್ಲ. ನಾನು ಕೈ ಬಿಟ್ಟೆ.

ಮುಂದಿನ ಮುಂಗಾರಿನಲ್ಲಿ ಎರಡನೆಯ ಬಾರಿ ಲಕ್ವ ಹೊಡೆದು ಅಣ್ಣ ತೀರಿಕೊಂಡ. ನಾನು ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು.

ನಾನು ಡಾಕ್ಟರಾದೆ. ನಾಗಮಂಗಲದಲ್ಲಿ, ಆಮೇಲೆ ಕೃಷ್ಣರಾಜಪೇಟೆಯಲ್ಲಿ ಕೆಲಸ ಮಾಡಿದೆ. ಲಕ್ವ ಹೊಡೆದವರ ಮನೆಯವರಿಗೆಲ್ಲ ಕೈ ಆಡಿಸುವುದನ್ನು ನಾನೇ ಕೂತು ಕಲಿಸಿದೆ. ಕೆಲವರಿಗೆ ಗುಣ ಕಂಡಿತು, ಹೆಚ್ಚಿನವರಿಗೆ ಇಲ್ಲ. ಅತ್ತಿಗೆ ನನ್ನನ್ನು ಒಂದು ದಿನವೂ ಬಯ್ಯಲಿಲ್ಲ. ಹೋದಾಗಲೆಲ್ಲ ಮುದ್ದೆ ಇಕ್ಕಿ ಎದುರಿಗೆ ಕೂತು ಉಣ್ಣಿಸುತ್ತಿದ್ದಳು. ಆದರೆ ಅವಳ ಕಣ್ಣಿಗೆ ಪೊರೆ ಬಂದಾಗ ನನಗೆ ತಿಳಿಸದೆ ಬೇರೆ ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದಳು. ಕಾಯಿಲೆಯ ವಿಚಾರ ನನ್ನನ್ನು ಮತ್ತೆ ಯಾವತ್ತೂ ಕೇಳಲಿಲ್ಲ.