ಕರಡಿ ಹುಡುಕಲು ಬಾಡಿಗೆ ಕಂಪ್ಯೂಟರ್

ಹೋದ ವರ್ಷದ ಬೇಸಿಗೆಯಲ್ಲಿ ನಾನು ಹೊಸಪೇಟೆ ಬಸ್ ನಿಲ್ದಾಣದ ಹಿಂದಿರುವ ಮಾಮನ ಕಂಪ್ಯೂಟರ್ ಅಂಗಡಿಯಲ್ಲಿ ಮುಖ್ಯ ತಾಂತ್ರಿಕ ಅಧಿಕಾರಿಯಾಗಿದ್ದೆ. ಜೆರಾಕ್ಸ್ ಯಂತ್ರಕ್ಕೆ ಹಾಳೆ ತುಂಬುವುದೂ ಅದೇ ಹುದ್ದೆಯ ಹೊಣೆ. ಆಗ ನನಗೆ ಹದಿನಾರು. ಪಿಯುಸಿ ಪರೀಕ್ಷೆ ಹತ್ತಿರ ಬಂದದ್ದರಿಂದ ಹದಿನೇಳಕ್ಕೇ ನಿವೃತ್ತನಾದೆ. ಆ ಸುದೀರ್ಘ ಸೇವೆಯಲ್ಲಿ ಮರೆಯಲಾಗದ ಪ್ರಕರಣ ಒಂದೇ.

ಒಂದು ಶುಕ್ರವಾರ ಬೆಳಿಗ್ಗೆ ಗಿರಿಜಕ್ಕ ಬಂದಳು. ಕಂಪ್ಲಿಯ ರೈಸ್ ಮಿಲ್ಲಿನವರ ಮಗಳು, ದರೋಜಿ ಕರಡಿಧಾಮದ ಕರಡಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಬಂಡೆಗಳ ನಡುವೆ ಕಟ್ಟಿದ ಕ್ಯಾಮೆರಾಗಳ ಮುಂದೆ ಏನು ಅಲುಗಾಡಿದರೂ ಫೋಟೊ ಬೀಳುತ್ತದೆ. ಹಾಗಾಗಿ ಅವಳ ಹಾರ್ಡ್ ಡಿಸ್ಕ್ ತುಂಬ ಹುಲ್ಲು, ಮೇಕೆ, ನವಿಲು. ಒಂದು ನವಿಲಂತೂ ಮದುವೆ ಆಲ್ಬಮ್ಮಿಗೆ ಸಾಲುವಷ್ಟು ತೆಗೆಸಿಕೊಂಡಿತ್ತು. ಇವುಗಳಲ್ಲಿ ಕರಡಿಯನ್ನು ಗುರುತಿಸುವ ಪ್ರೋಗ್ರಾಂ ಅವಳ ಬಳಿ ಇತ್ತು. ಆದರೆ ಅವಳ ಲ್ಯಾಪ್‌ಟಾಪಿನಲ್ಲಿ ಅದು ಓಡಿ ಮುಗಿಯುವಷ್ಟರಲ್ಲಿ ಕರಡಿಮರಿಗಳಿಗೆ ಮೊಮ್ಮಕ್ಕಳಾಗುತ್ತಿದ್ದವು.

"ಸೋಮವಾರ ಅರಣ್ಯ ಇಲಾಖೆಯವ್ರಿಗೆ ಕರಡಿ ಲೆಕ್ಕ ತೋರಿಸಲಿಲ್ಲಂದ್ರ ನನ್ನ ಕ್ಯಾಮೆರಾ ಎಲ್ಲಾ ಬ್ಯಾರೆಯವ್ರಿಗೆ ಕೊಡ್ತಾರ ತಮ್ಮಾ. ಕಿವಿ ಹರಿದ ಹೆಣ್ಣು ಕರಡಿ ಒಂದೈತಿ. ಈ ಸಲ ಮರಿ ಹಾಕ್ಯಾಳೋ ಇಲ್ಲೋ, ಭಾಳ ದಿನದಿಂದ ಕಾದೀನಿ."

"ಕ್ಲೌಡ್‌ನಾಗ ಒಂದು ವರ್ಚುವಲ್ ಮಷೀನ್ ತಗೊಳ್ಳೂಣಕ್ಕ" ಎಂದೆ. ದೂರದ ಕಂಪನಿಯ ದೊಡ್ಡ ಕಂಪ್ಯೂಟರಿನ ಒಂದು ಪಾಲನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುವುದು, ಅಷ್ಟೇ. ನಾನು ಮಾತ್ರ ರಾಕೆಟ್ ಹಾರಿಸುವವನಂತೆ ವಿವರಿಸಿದೆ. ಬೆಲೆಪಟ್ಟಿಗಳು ನಿಜಕ್ಕೂ ಕಾಡು: ಮಾದರಿಗೊಂದು ದರ, ಯಂತ್ರ ಇರುವ ಊರಿಗೊಂದು ದರ. ಅದಕ್ಕೆಂದೇ ನನ್ನ ಬಳಿ ಎಐ ಏಜೆಂಟ್ ಇತ್ತು. ಕೆಲಸ ಹೇಳಿದರೆ ತಾನೇ ಪುಟಗಳನ್ನು ತೆರೆದು, ದರ ಹೋಲಿಸಿ, ವರದಿ ತರುವ ಸಾಧನ ಅದು.

ಚಹಾ ಬರುವುದರೊಳಗೆ ವರದಿ ಬಂತು. ಮಾಮೂಲಿ ದರ ಗಿರಿಜಕ್ಕನ ಕೈಮೀರಿದ್ದು. ಅದರ ಕೆಳಗೆ 'ಸ್ಪಾಟ್' ದರ, ಮೂರನೇ ಒಂದು ಭಾಗ ಮಾತ್ರ! ನಾನು ಕುರ್ಚಿಯ ಮೇಲೆ ಹತ್ತಿ ನಿಂತು ಓದಿದೆ. ಕೊನೆಯಲ್ಲಿ ಏಜೆಂಟ್ ಒಂದು ಸಾಲು ಸೇರಿಸಿತ್ತು: ಈ ಯಂತ್ರವನ್ನು ಕಂಪನಿ ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು.

"ಹಂಗಂದ್ರ?" ಗಿರಿಜಕ್ಕ ಕೇಳಿದಳು.

"ರಿಸರ್ವೇಶನ್ ಬಸ್ಸಿನಾಗ ಖಾಲಿ ಸೀಟು ನೋಡಿ ಕುಂತಂಗಕ್ಕ. ಸೀಟಿನವ್ರು ಬಂದ್ರ ಏಳಬೇಕು."

"ಏಳೂಣು. ನನ್ನ ಚೀಲ?"

"ಚೀಲಾನೂ ಹೋಗ್ತೈತಿ." ಯಂತ್ರದ ಜೊತೆ ಅದರೊಳಗಿನ ಲೆಕ್ಕವೂ ಹೋಗಬಹುದಿತ್ತು.

ಮಾಮ ನಕ್ಕ. "ಇವನ ಮಾತು ಕೇಳಬ್ಯಾಡವಾ. ಕರಡಿ ಹೋಗ್ಲಿ, ನವಿಲೂ ಉಳಿಯಂಗಿಲ್ಲ."

ಗಿರಿಜಕ್ಕ ಲೋಟ ಕೆಳಗಿಟ್ಟಳು. "ದಿನಾ ಬಸ್ಸಿನಾಗ ಅಡ್ಡಾಡಾಕಿ ನಾನು. ಎಬ್ಬಿಸೋ ಸೀಟಿನಾಗ ಕುಂತ್ರ ಚೀಲ ಮ್ಯಾಲ ಇಡಬಾರ್ದು ತಮ್ಮಾ, ತೊಡಿ ಮ್ಯಾಲ ಇಟ್ಕೋಬೇಕು."

ಹಾಗೇ ಮಾಡಿದೆವು. ಫೋಟೊಗಳನ್ನು ಸಣ್ಣ ಸಣ್ಣ ಕಟ್ಟು ಮಾಡಿದೆವು. ಒಂದು ಕಟ್ಟು ಮುಗಿದ ಕೂಡಲೇ ಅದರ ಲೆಕ್ಕ ಯಂತ್ರದ ಹೊರಗಿನ ಬೇರೊಂದು ಜಾಗದಲ್ಲಿ ಉಳಿಯುವಂತೆ ಏರ್ಪಾಟು ಮಾಡಿದೆವು.

ಶನಿವಾರ ಮಧ್ಯಾಹ್ನ ಯಂತ್ರ ಮಾಯವಾಯಿತು. ಡ್ಯಾಮಿನ ಗೇಟೇ ಕಿತ್ತುಹೋದಂತೆ ನಾನು ಕಿರುಚಿದೆ. ಜೆರಾಕ್ಸಿಗೆ ಬಂದಿದ್ದ ಅಜ್ಜನೊಬ್ಬ ಹೊರಗೆ ಓಡಿದ.

ಗಿರಿಜಕ್ಕ ಮಿರ್ಚಿ ಬಜ್ಜಿ ಮುರಿಯುತ್ತಾ, "ಹೋದ್ರ ಒಂದು ಕಟ್ಟು ಹೋತು. ಬ್ಯಾರೆ ಸೀಟು ನೋಡಲೇ ಜಲ್ದಿ" ಎಂದಳು. ಏಜೆಂಟನ್ನು ಮತ್ತೆ ಓಡಿಸಿದೆ. ಅಷ್ಟೇ ದರದ ಇನ್ನೊಂದು ಯಂತ್ರ ಸಿಕ್ಕಿತು. ಭಾನುವಾರ ಅದೂ ಹೋಯಿತು. ಈ ಸಲ ನಾನು ಕಿರುಚದೆ ಮೂರನೆಯದನ್ನು ಹುಡುಕಿದೆ.

ಸಂಜೆ ಹೊತ್ತಿಗೆ ಕೊನೆಯ ಕಟ್ಟಿನಲ್ಲಿ ಹರಿದ ಕಿವಿ ಕಂಡಿತು. ಬೆನ್ನ ಮೇಲೆ ಎರಡು ಮರಿಗಳು, ಕೂದಲನ್ನು ಗಟ್ಟಿಯಾಗಿ ಹಿಡಿದು ಕುಳಿತಿದ್ದವು. ಗಿರಿಜಕ್ಕ ಕಣ್ಣೊರೆಸಿಕೊಂಡು, "ಇವರ ಸೀಟು ಪಕ್ಕಾ ನೋಡು" ಎಂದಳು.

ಸೋಮವಾರ ಕ್ಯಾಮೆರಾಗಳು ಅವಳ ಬಳಿಯೇ ಉಳಿದವು. ಬೆಲೆ ಎಷ್ಟೆಂದು ನಾನು ಏಜೆಂಟನ್ನು ಕೇಳಿದ್ದೆ, ಅದು ಸರಿಯಾಗಿಯೇ ಹೇಳಿತ್ತು. ಯಾವಾಗ ಏಳಬೇಕಾದೀತು, ಎದ್ದಾಗ ಕೈಯಲ್ಲಿ ಏನು ಉಳಿದಿರುತ್ತದೆ ಎಂಬುದೂ ಬೆಲೆಯೊಳಗೇ ಸೇರಿದೆ ಎಂದು ಆ ಕೆಲಸ ನನಗೆ ಕಲಿಸಿತು. ವರದಿಯ ಆ ಕೊನೆಯ ಸಾಲನ್ನು ಕುರ್ಚಿಯಿಂದ ಕೆಳಗಿಳಿದು ಓದಬೇಕು.