ಹೊಡೆಯದ ಅಂದಾನೆಪ್ಪನ ಹೊಡೆಯುವ ಫೋಟೋ

ಮುನವಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಅಂದಾನೆಪ್ಪನಿಗೆ ದೇವರು ಕೊಟ್ಟ ಹುಬ್ಬು ದೊಡ್ಡವು, ಗಿರಣಿ ಕೊಟ್ಟ ದನಿ ಇನ್ನೂ ದೊಡ್ಡದು. ಹಗಲೆಲ್ಲ ಯಂತ್ರದ ಸದ್ದನ್ನು ಮೀರಿ ಮಾತಾಡಿ ರೂಢಿಯಾಗಿ, ಮನೆಯಲ್ಲಿ ಊಟಕ್ಕೆ ಕೂತು ಉಪ್ಪು ಕೇಳಿದರೂ ಜಗಳ ಹತ್ತಿತೆಂದು ಪಕ್ಕದ ಮನೆಯವರು ಬಾಗಿಲಿಗೆ ಬರುತ್ತಿದ್ದರು. ಆದರೆ ಮನುಷ್ಯ ಮೆತ್ತಗಿನವ. ಜೋಳದ ಚೀಲಕ್ಕೆ ಬಾಯಿ ಹಾಕಿದ ಆಡನ್ನು ಕೂಡ "ಸಾಕ ಹೋಗವಾ ಇನ್ನ" ಎಂದು ಬೇಡಿಕೊಂಡು ಕಳಿಸುತ್ತಿದ್ದ. ಆತನಿಗೂ ಹೆಂಡತಿ ಗುರುಬಸವ್ವನಿಗೂ ಮಕ್ಕಳಿರಲಿಲ್ಲ.

ಒಂದು ದಿನ ಸವದತ್ತಿಯಿಂದ ಗೌರೀಶ ಎಂಬ ತರುಣ ಗಿರಣಿಗೆ ಬಂದ. ಮಕ್ಕಳ ಮೇಲಿನ ಹಿಂಸೆ ತಡೆಯಲು ಹಲವು ದೇಶದವರು ಕೂಡಿ ಕಟ್ಟಿದ್ದ ಒಂದು ಸಂಸ್ಥೆಯಲ್ಲಿ ಅವನಿಗೆ ಕೆಲಸ. ಪೋಸ್ಟರಿಗಾಗಿ ಅವನು ಸಿಟ್ಟಿನ ತಂದೆಯೊಬ್ಬನನ್ನು ಹುಡುಕುತ್ತಿದ್ದ.

"ಕಾಕಾರ, ನಿಮ್ಮ ಮಾರಿ ಹೇಳಿ ಮಾಡಿಸಿದಂಗ ಐತ್ರಿ," ಎಂದ.

"ಏನ ಮಾಡಬೇಕಪಾ?"

"ಹುಡುಗಿನ್ನ ಹೊಡ್ಯಾಕ ಕೈ ಎತ್ತಿದಂಗ ನಿಂದರಬೇಕು ಅಷ್ಟ. ಹೊಡ್ಯೂದೇನಿಲ್ರಿ."

ಪ್ರಾಯದಲ್ಲಿ ದೊಡ್ಡಾಟದಲ್ಲಿ ರಾಕ್ಷಸನ ವೇಷ ಹಾಕಿ ಚಪ್ಪಾಳೆ ಗಿಟ್ಟಿಸಿದ್ದ ಅಂದಾನೆಪ್ಪ ಹಿಗ್ಗಿ ಒಪ್ಪಿಕೊಂಡ.

ತಂದೆಯ ಕೈಯಲ್ಲಿ ಬೆಲ್ಟ್ ಇರಬೇಕಿತ್ತು. ಧೋತರ ಉಡುವವನ ಬಳಿ ಬೆಲ್ಟ್ ಎಲ್ಲಿಯದು? ಕೊನೆಗೆ ಗಿರಣಿಯ ಗಾಲಿಗೆ ಹಾಕಿದ್ದ ಪಟ್ಟಾವನ್ನೇ ಬಿಚ್ಚಿದರು. ಅದನ್ನು ತಲೆಯ ಮೇಲೆತ್ತಿ ಹಿಡಿಯುವಷ್ಟರಲ್ಲಿ ಅಂದಾನೆಪ್ಪನ ಮುಖ ಕೆಂಪೇರಿ ಕುತ್ತಿಗೆಯ ನರ ಉಬ್ಬಿದವು. ಎದುರಿಗೆ ಕೂರಿಸಿದ್ದ ಓಣಿಯ ಹುಡುಗಿ ಆತನನ್ನು ನೋಡಿ ನಗತೊಡಗಿದಳು. ಎಷ್ಟು ಗದರಿಸಿದರೂ ನಗು ನಿಲ್ಲದಾಗ ಅವಳನ್ನು ಕ್ಯಾಮೆರಾಕ್ಕೆ ಬೆನ್ನು ಮಾಡಿ ಕೂರಿಸಿದರು. ನಗುವಿಗೆ ಕುಲುಕುತ್ತಿದ್ದ ಅವಳ ಭುಜಗಳು ಫೋಟೋದಲ್ಲಿ ಬಿಕ್ಕುತ್ತಿರುವಂತೆ ಬಂದವು. ಹೊರಗೆ ಡಬ್ಬಿ ಹಿಡಿದು ನಿಂತ ಹೆಂಗಸರು, ಗಿರಣಿ ಯಾವಾಗ ಶುರುವಾಗುತ್ತದೆಂದು ಶಪಿಸುತ್ತಿದ್ದರು.

ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗ ಎಲ್ಲ ಬಸ್ ಸ್ಟ್ಯಾಂಡುಗಳಲ್ಲಿ ಅಂದಾನೆಪ್ಪ ಗೋಡೆ ಏರಿದ. ಮೇಲೆ "ಈ ಕೈಯನ್ನು ತಡೆಯಿರಿ" ಎಂಬ ಬರಹ, ಕೆಳಗೆ ಮಕ್ಕಳ ಸಹಾಯವಾಣಿಯ ನಂಬರು.

ಮೊದಲ ವಾರ ಆತ ತಾನೇ ಹೋಗಿ ನೋಡಿಕೊಂಡು ಬಂದ. ಎರಡನೆಯ ವಾರದಿಂದ ಜನ ಆತನನ್ನು ನೋಡತೊಡಗಿದರು. ಬೈಲಹೊಂಗಲದ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಹೆಂಗಸು ಕೂಸನ್ನು ಎತ್ತಿಕೊಂಡು ಹೋಗಿ ಹಿಂದಿನ ಬಾಗಿಲ ಬಳಿ ನಿಂತಳು. ರಾಮದುರ್ಗದಲ್ಲಿ ನಾದಿನಿಯ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ಹೋದರೆ, ಕೂಸು ಎಲ್ಲರ ಕೈಯಿಂದ ಕೈಗೆ ದಾಟಿ ಆತನ ಹತ್ತಿರ ಬರುವ ಹೊತ್ತಿಗೆ ಅದಕ್ಕೆ ಒಮ್ಮೆಲೇ ನಿದ್ದೆ ಬಂದಿದೆಯೆಂದು ಒಳಗೆ ಒಯ್ದರು. ಊರಲ್ಲಿ ತಾಯಂದಿರು, "ಉಣ್ತೀಯೋ, ಅಂದಾನೆಪ್ಪನ ಕರೀಲ್ಯೋ?" ಎಂದು ಮಕ್ಕಳನ್ನು ಅಂಜಿಸಲು ಶುರುಮಾಡಿದರು. ಮಕ್ಕಳನ್ನು ಅಂಜಿಸಬಾರದೆಂಬ ಪೋಸ್ಟರು ಅಷ್ಟರ ಮಟ್ಟಿಗೆ ಕೆಲಸ ಮಾಡಿತ್ತು.

ಇದು ಬರೀ ವೇಷವೆಂದು ತಿಳಿಸಲು ಆತ ಕಿತ್ತೂರಿನ ಬಸ್ ಸ್ಟ್ಯಾಂಡಿನಲ್ಲಿ ತನ್ನದೇ ಫೋಟೋದ ಪಕ್ಕ ನಿಂತು, "ಇದು ನಾ ಅಲ್ರಿ!" ಎಂದು ಕೂಗಿದ. ಗಿರಣಿಯ ದನಿ. ಹುಬ್ಬು ಬೇರೆ ಗಂಟಿಕ್ಕಿದ್ದವು. ನೋಡಿದವರು ಫೋಟೋದ ಕೆಳಗಿನ ನಂಬರಿಗೆ ಫೋನ್ ಮಾಡಿದರು.

ಮರುದಿನ ಮಹಾನಂದಾ ಎಂಬ ಮಕ್ಕಳ ರಕ್ಷಣಾ ಅಧಿಕಾರಿ ಗಿರಣಿಗೆ ಬಂದರು.

"ಮಕ್ಕಳ ಎಲ್ಲಿ?"

"ಮಕ್ಕಳಿಲ್ರಿ."

"ಎಲ್ಲಿ ಕಳಸೀರಿ?"

"ಹುಟ್ಟೇ ಇಲ್ರಿ, ಎಲ್ಲಿಗೆ ಕಳಸ್ಲಿ?"

ದನಿ ತಗ್ಗಿಸಿ ಮಾತಾಡಿರೆಂದು ಅವರೆಂದರು. ತಗ್ಗಿಸಿದ್ದೇ ಇಷ್ಟು ಎಂದು ಗುರುಬಸವ್ವ ಹೇಳಿದಳು. ಮಹಾನಂದಾ ಮನೆಯೊಳಗೆಲ್ಲ ತಿರುಗಿ, ಸಣ್ಣ ಚಪ್ಪಲಿಯಾಗಲಿ ಸಾಲೆಯ ಪಾಟಿ ಚೀಲವಾಗಲಿ ಸಿಗದೆ, ಅರ್ಧ ನಂಬಿ ಅರ್ಧ ಬಿಟ್ಟು ಹೋದರು.

ಆ ರಾತ್ರಿ ಅಂದಾನೆಪ್ಪ ಉಣ್ಣಲಿಲ್ಲ. ನಾಳೆಯೇ ಸವದತ್ತಿಗೆ ಹೋಗಿ ಎಲ್ಲ ಪೋಸ್ಟರು ಕಿತ್ತುಹಾಕಿಸುವುದೆಂದು ಹಟ ಹಿಡಿದ.

ಆದರೆ ಬೆಳಿಗ್ಗೆ ಗಿರಣಿಯ ಬಾಗಿಲಲ್ಲಿ ಒಂದು ಹುಡುಗಿ ನಿಂತಿದ್ದಳು. ಹೆಸರು ಪ್ರಣಿತಾ. ಕೈಯಲ್ಲಿ ಡಬ್ಬಿ ಇರಲಿಲ್ಲ.

"ಅಜ್ಜಾ, ಬಸ್ ಸ್ಟ್ಯಾಂಡಿನ್ಯಾಗ ನಿಂದ ಫೋಟೋ ಐತೆಲ್ಲಾ, ಕೆಳಗ ಇರೂದು ನಿಂದ ನಂಬರ ಹೌದಲ್ಲೋ?"

"ಯಾಕವಾ?"

"ನನ್ನ ಕಡೆ ಫೋನಿಲ್ಲ. ಅದಕ್ಕ ನಡಕೋತ ಬಂದ್ನಿ. ನಮ್ಮ ದೊಡಪ್ಪ ಹೊಡೀತಾನ. ನೀ ಅಂವಗ ಹೇಳ."

ತೋಳು ಮೇಲೆತ್ತಿ ತೋರಿಸಿದಳು. ಬಾಸುಂಡೆಗಳಿದ್ದವು. ಅಪ್ಪ ಅವ್ವ ಕಬ್ಬು ಕಡಿಯಲು ದೂರ ಹೋಗಿದ್ದರು. ಅವಳನ್ನು ದೊಡ್ಡಪ್ಪನ ಮನೆಯಲ್ಲಿ ಬಿಟ್ಟಿದ್ದರು.

"ನನ್ನ ನೋಡಿ ನಿನಗ ಅಂಜಿಕಿ ಆಗಲಿಲ್ಲೇನವಾ?" ಅಂದಾನೆಪ್ಪ ಕೇಳಿದ.

"ನೀ ದೊಡಪ್ಪಗಿಂತಾ ದೊಡ್ಡಾಂವ ಅದೀ. ಅಂವ ನಿನಗ ಅಂಜತಾನ."

ಅಂದಾನೆಪ್ಪ ಗಿರಣಿ ನಿಲ್ಲಿಸಿದ. ಎಷ್ಟೋ ವರ್ಷಗಳ ಮೇಲೆ ಆತನ ಬಾಯಿಂದ ಸಣ್ಣ ದನಿ ಬಂತು: "ಗುರುಬಸೂ, ಈಕಿಗೆ ಹಾಲ ಕಾಸಿ ಕೊಡ." ಆಮೇಲೆ ತನ್ನ ಫೋಟೋದ ಕೆಳಗಿನ ನಂಬರಿಗೆ ತಾನೇ ಫೋನ್ ಮಾಡಿದ.

"ಹೆಸರು?"

"ಅಂದಾನೆಪ್ಪ, ಮುನವಳ್ಳಿ."

"ನಿಮ್ಮ ಮ್ಯಾಲಿನ ದೂರು ವಿಚಾರಣಾ ನಡದೈತ್ರಿ."

"ಇದು ನನ್ನ ಮ್ಯಾಲಿಂದಲ್ರಿ, ಬ್ಯಾರೇದವನ ಮ್ಯಾಲಿಂದು."

ಮಹಾನಂದಾ ಧಾವಿಸಿ ಬಂದರು. ಹುಡುಗಿಯನ್ನು ಕಂಡೊಡನೆ, "ಕಡೀಕೂ ಸಿಕ್ತಲ್ಲಾ ಮಗಳು!" ಎಂದು ಅಂದಾನೆಪ್ಪನ ಕಡೆ ಉರಿಗಣ್ಣು ಬಿಟ್ಟರು. ಪ್ರಣಿತಾ ಹಾಲಿನ ಲೋಟ ಕೆಳಗಿಟ್ಟು ಎಲ್ಲವನ್ನೂ ಸ್ವಚ್ಛವಾಗಿ ಹೇಳಿದಳು. ಮಹಾನಂದಾ ಅಲ್ಲೇ ಜೋಳದ ಚೀಲದ ಮೇಲೆ ಕೂತುಬಿಟ್ಟರು. ಬಳಿಕ ಕೆಲಸ ಬೇಗ ಸಾಗಿತು. ದೊಡ್ಡಪ್ಪನನ್ನು ಠಾಣೆಗೆ ಕರೆಸಿದರು. ತಾಯಿ ಕಬ್ಬಿನ ಗದ್ದೆಯಿಂದ ಓಡಿಬಂದಳು. ಪ್ರಣಿತಾ ಅಜ್ಜಿಯ ಮನೆ ಸೇರಿ ಅಲ್ಲಿನ ಸಾಲೆಗೆ ಹೋಗತೊಡಗಿದಳು.

ಸುದ್ದಿ ಮಕ್ಕಳಲ್ಲಿ ಹಬ್ಬಿತು. ದೊಡ್ಡವರ ಕಣ್ಣಿಗೆ ಹೊಡೆಯುವವನಾಗಿದ್ದ ಅಂದಾನೆಪ್ಪ, ಚಿಕ್ಕವರ ಕಣ್ಣಿಗೆ ಹೊಡೆಯುವವರನ್ನೇ ಹೊಡೆಯುವವನಾದ. ಅಕ್ಕಪಕ್ಕದ ಹಳ್ಳಿಗಳಿಂದಲೂ ಮಕ್ಕಳು ಬಂದರು. ಕೆಲವರದು ಬರೀ ಆಟದ ಗೋಟಿ ಕಸಿದುಕೊಂಡ ದೂರು, ಕೆಲವರದು ಅಲ್ಲ. ಮಹಾನಂದಾ ಈಗ ಗಿರಣಿಗೆ ಬಂದರೆ ಚಹಾ ಕುಡಿದೇ ಹೋಗುತ್ತಿದ್ದರು.

ಅಷ್ಟರಲ್ಲಿ ಸಂಸ್ಥೆಯ ಕಡೆಯಿಂದ ಫಿಲಿಪೈನ್ಸ್ ದೇಶದ ಲಿಗಾಯಾ ಎಂಬಾಕೆ ಬಂದಳು. ಫೋಟೋ ಬಲು ಚಲೋ ಬಂದಿದ್ದರಿಂದ ಅದನ್ನು ಅವಳ ದೇಶದಲ್ಲೂ ಅಂಟಿಸಿದ್ದರಂತೆ. ಫೋಟೋದವನು ಈಗ ಮಕ್ಕಳ ದೂರು ಕೇಳುತ್ತಾನೆಂದು ತಿಳಿದು, ಆ ಪರಿವರ್ತನೆಯಾದ ತಂದೆಯನ್ನು ಕಾಣಬೇಕೆಂದು ಅವಳ ಆಸೆ.

"ಕಾಕಾರ, 'ನಾ ಈಗ ಹೊಡ್ಯೂದ ಬಿಟ್ಟೇನಿ' ಅಂತ ಒಂದ ಮಾತ ಅಂದ ಬಿಡ್ರಿ," ಗೌರೀಶ ಕಿವಿಯಲ್ಲಿ ಬೇಡಿಕೊಂಡ.

"ಹಿಡದಿದ್ರಲ್ಲೋ ಬಿಡೂದು!"

ಗೌರೀಶ ಅದನ್ನು ಇಂಗ್ಲಿಷಿಗೆ ಹೇಗೆ ತಿರುಗಿಸಿದನೋ, ಲಿಗಾಯಾ ಕಣ್ಣೊರೆಸಿಕೊಂಡಳು. ಕೊನೆಗೆ ಗುರುಬಸವ್ವ ನಡುವೆ ಬಂದು ಗದರಿದ ಮೇಲೆ ಗೌರೀಶ ನಿಜ ಹೇಳಿದ. ಲಿಗಾಯಾ ಎದ್ದು ಕ್ಷಮೆ ಕೇಳಿದಳು. ಎಲ್ಲ ಕಡೆಯಿಂದ ಈ ಫೋಟೋ ತೆಗೆಸಿ, ನಗುಮುಖದ ಯಾರನ್ನಾದರೂ ಹಾಕಿಸುವೆನೆಂದಳು.

ಅಂದಾನೆಪ್ಪ ಹುಬ್ಬು ಕೆರೆದುಕೊಂಡ.

"ಬ್ಯಾಡ್ರಿ," ಎಂದ. "ನಗೂ ಮಾರಿ ನೋಡಿ ಯಾವ ಹುಡುಗೂರೂ ನಡಕೋತ ಬರೂದಿಲ್ಲ. ನಾ ಹೊಡ್ಯಾಂವನ ಇರತೇನಿ. ಆದ್ರ ಗೌರೀಶಾ, ಒಂದ ಕೇಳ ಈಕಿನ್ನ. ಅಲ್ಲಿ ಹುಡುಗೂರು ನನ್ನ ನೋಡಿ ಯಾರ ಕಡೆ ಹೋಗ್ತಾವ?"

ಲಿಗಾಯಾಗೆ ಗೊತ್ತಿರಲಿಲ್ಲ. ನೋಡಿ ತಿಳಿಸುವೆನೆಂದು ಹೋದಳು.

ಒಂದು ಮುಂಜಾನೆ ಗೌರೀಶ ಮೊಬೈಲ್ ಹಿಡಿದು ಓಡಿಬಂದ. ಲಿಗಾಯಾ ವಿಡಿಯೋ ಕಾಲ್ ಮಾಡಿದ್ದಳು; ಪರದೆಯಲ್ಲಿ ಸಮುದ್ರದ ದಂಡೆಯ ಯಾವುದೋ ಊರಿನ ಬಸ್ ಸ್ಟ್ಯಾಂಡು. ಅಂದಾನೆಪ್ಪನ ಪೋಸ್ಟರಿನ ಕೆಳಗೆ ಸುಟ್ಟ ಗೋವಿನಜೋಳದ ತೆನೆ ಮಾರುತ್ತ ಒಬ್ಬ ಮುದುಕಿ ಕೂತಿದ್ದಳು. ಅಲ್ಲಿಯ ಮಕ್ಕಳು ಅವಳನ್ನು ಈತನ ತಾಯಿಯೆಂದು ತಿಳಿದು, "ನಿನ್ನ ಮಗನಿಗೆ ಹೇಳು" ಎಂದು ಬರುತ್ತಿದ್ದರಂತೆ. ಮೊದಮೊದಲು ಬೈದು ಅಟ್ಟಿದವಳು ಈಗ ಬಂದವರನ್ನೆಲ್ಲ ಕೂರಿಸಿಕೊಂಡು ಲಿಗಾಯಾಗೆ ಫೋನ್ ಮಾಡುತ್ತಾಳಂತೆ.

ಮುದುಕಿ ಅಂದಾನೆಪ್ಪನ ಹುಬ್ಬು ನೋಡಿ ಬೆರಳು ಆಡಿಸಿ ಏನೋ ಗದರಿದಳು. ಬಸ್ಸುಗಳ ಸದ್ದಿನ ನಡುವೆ ಕೂತವಳ ದನಿ ಆತನದಕ್ಕಿಂತ ದೊಡ್ಡದಿತ್ತು.

ಅಂದಾನೆಪ್ಪನಿಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೂ ಮೈಮೇಲಿನ ಹಿಟ್ಟು ಕೊಡವಿಕೊಂಡು, ಗಿರಣಿಯ ತಗಡು ಅದುರುವಂತೆ ಕೂಗಿದ:

"ಯವ್ವಾ! ಆರಾಮ ಅದೀ? ನಾಷ್ಟಾ ಆತೇನಬೇ?"