ಭಾವನ ಬುಧವಾರದ ಕೂಟ

ನಮ್ಮ ಭಾವ ಮೋಹನ್‌ಬಾಬು ಅವರ ಗಂಟಲಿನ ಬಗ್ಗೆ ಶಿಡ್ಲಘಟ್ಟದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವರು ಅವರು. ರೈತರು, ಗೂಡು ಕೊಂಡು ನೂಲು ತೆಗೆಯುವ ರೀಲರ್‌ಗಳು ಎಲ್ಲ ಸೇರಿ ಗದ್ದಲ ಎಬ್ಬಿಸಿದರೂ ಅವರ ದನಿಯೊಂದೇ ಮೇಲೆದ್ದು ರಸ್ತೆಯ ಆಚೆ ಟೀ ಅಂಗಡಿಯವನಿಗೂ ಗೂಡಿನ ರೇಟು ಗೊತ್ತಾಗುತ್ತಿತ್ತು. ಆಮೇಲೆ ಹರಾಜೆಲ್ಲ ಕಂಪ್ಯೂಟರಿಗೆ ಹೋಯಿತು, ರೀಲರ್‌ಗಳು ಮೊಬೈಲಿನಲ್ಲೇ ಬೆಲೆ ಒತ್ತತೊಡಗಿದರು, ಭಾವನೂ ನಿವೃತ್ತರಾದರು. ಗಂಟಲು ಮಾತ್ರ ನಿವೃತ್ತಿಯಾಗಲಿಲ್ಲ. ಅದು ನೇರವಾಗಿ ಮನೆಗೆ ಬಂತು, ನಮ್ಮಕ್ಕ ಶ್ಯಾಮಲಮ್ಮನ ಪಾಲಿಗೆ.

ಹೀಗಿರುವಾಗ ನಮ್ಮ ಸಭೆಯ ಪಾಸ್ಟರಿಗೆ ಸಣ್ಣ ಗುಂಪುಗಳ ಯೋಚನೆ ಹತ್ತಿತು. ಭಾನುವಾರ ದೇವಾಲಯದಲ್ಲಿ ನಾನೊಬ್ಬನೇ ಮಾತಾಡುತ್ತೇನೆ, ಬುಧವಾರ ಸಂಜೆ ಮನೆಗಳಲ್ಲಿ ಒಂದಷ್ಟು ಜನ ಸುತ್ತ ಕೂತು ವಾಕ್ಯ ಓದಿ ಎಲ್ಲರೂ ಮಾತಾಡಬೇಕು ಎಂದರು. ಇದೇನು ಹೊಸ ಫ್ಯಾಷನ್ನು ಎಂದು ಹಿರಿಯರು ಗೊಣಗಿದ್ದಕ್ಕೆ ಬೈಬಲಿನಿಂದಲೇ ಆಧಾರ ತೆಗೆದಿಟ್ಟರು. ಮೊದಲ ಕಾಲದ ವಿಶ್ವಾಸಿಗಳು ಮನೆಮನೆಗಳಲ್ಲಿ ಕೂಡಿ ಒಟ್ಟಿಗೆ ಉಂಡವರು. ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕೂತು ಊರಿನವರ ತಂಟೆಯೆಲ್ಲ ತೀರಿಸುತ್ತಿದ್ದಾಗ, ಅವನ ಮಾವ ಬಂದು ನೋಡಿ, ಹೀಗಾದರೆ ನೀನೂ ಸೋತುಹೋಗುತ್ತೀಯ ಜನರೂ ಸೋತುಹೋಗುತ್ತಾರೆ, ಹತ್ತತ್ತು ಜನಕ್ಕೊಬ್ಬ ಮುಖಂಡನನ್ನು ಇಡು ಎಂದನಂತೆ. ಇದನ್ನು ಕೇಳಿ ನನಗೆ ಬಹಳ ಸಮಾಧಾನವಾಯಿತು. ಮೋಶೆಯಂಥ ಮೋಶೆಗೂ ಬುದ್ಧಿ ಹೇಳಲು ಹೆಂಡತಿಯ ಕಡೆಯವರೇ ಬರಬೇಕಾಯಿತು.

ದಿಬ್ಬೂರಹಳ್ಳಿಯ ಗುಂಪು ಭಾವನ ಪಾಲಿಗೆ ಬಂತು. ರೇಷ್ಮೆಹುಳ ಸಾಕುವ ಕದಿರಮ್ಮನ ಮನೆಯಲ್ಲಿ ಕೂಟ. ಹಜಾರದಲ್ಲಿ ಗಂಡಸರಿಗೊಂದು ಚಾಪೆ, ಹೆಂಗಸರಿಗೊಂದು ಚಾಪೆ. ಮೊದಲ ಬುಧವಾರ ಭಾವ ಆರಿಸಿಕೊಂಡ ವಿಷಯ, ‘ಕೂಟದಲ್ಲಿ ಎಲ್ಲರೂ ಮಾತಾಡಬೇಕೆಂಬುದಕ್ಕೆ ಬೈಬಲಿನ ಆಧಾರ’. ಅದರ ಮೇಲೆ ಎರಡು ಗಂಟೆ ಅವರೊಬ್ಬರೇ ಮಾತಾಡಿದರು. ನಡುವೆ ಬಾಯಿ ತೆರೆದವಳು ಕದಿರಮ್ಮ ಒಬ್ಬಳೇ, ಅದೂ ಆಕಳಿಸಲು.

ಸುದ್ದಿ ಪಾಸ್ಟರಿಗೆ ಮುಟ್ಟಿತು. ನೀವು ಪ್ರಶ್ನೆ ಕೇಳಿ, ಜನ ಉತ್ತರ ಹೇಳಲಿ ಎಂದು ಅವರು ತಿದ್ದಿದರು. ಮುಂದಿನ ವಾರ ಭಾವ ಎದ್ದು ನಿಂತು ಕೇಳಿದರು.

“ಪೇತ್ರ ನೀರಿನ ಮೇಲೆ ನಡೀತಾ ಇದ್ದೋನು ಯಾಕೆ ಮುಳುಗ್ದ?”

“ಭಯಪಟ್ಟ ಅಂಕಲ್,” ಎಂದಳು ಕದಿರಮ್ಮನ ಸೊಸೆ ಶಿರೀಷಾ.

“ಒಂದು ಬಂತು. ಇನ್ನೂ ಮೇಲೆ ಯಾರು?”

“ಗಾಳಿ ಕಡೆ ನೋಡ್ದ,” ಎಂದ ಪಕ್ಕದ ಮನೆಯ ಮುನಿಶಾಮಪ್ಪ.

“ಇನ್ನೂ ಮೇಲೆ ಯಾರು? ಒಂದ್ ಸಾರಿ, ಎರಡ್ ಸಾರಿ, ಮೂರ್ ಸಾರಿ. ಯಾರಿಗೂ ಗೊತ್ತಿಲ್ಲ. ನಾನೇ ಹೇಳ್ತೀನಿ. ಭಯ.”

ಶಿರೀಷಾ ಬಾಯಿ ತೆರೆಯುವಷ್ಟರಲ್ಲಿ ಭಾವ ಕಣ್ಣುಮುಚ್ಚಿ ಕಡೇ ಪ್ರಾರ್ಥನೆಗೆ ಹೋಗಿಬಿಟ್ಟಿದ್ದರು.

ಅಲ್ಲಿಂದ ಜನ ಕರಗತೊಡಗಿದರು. ಶಿರೀಷಾಗೆ ಬುಧವಾರವೇ ತಲೆನೋವು ಬರುತ್ತಿತ್ತು. ಮುನಿಶಾಮಪ್ಪನ ಹಸುವಂತೂ ಪ್ರತಿ ಬುಧವಾರವೂ ಈಗಲೋ ಆಗಲೋ ಕರು ಹಾಕುವಂತಿರುತ್ತಿತ್ತು. ಕೊನೆಗೆ ಉಳಿದವರು ಮನೆ ಬಿಟ್ಟು ಓಡಲಾಗದ ಕದಿರಮ್ಮ, ಗಂಡನನ್ನು ಬಿಟ್ಟು ಓಡಲಾಗದ ನಮ್ಮಕ್ಕ, ಮತ್ತು ಅಕ್ಕನ ಮುಖ ನೋಡಿ ಹೋಗುತ್ತಿದ್ದ ನಾನು. ಪಾಸ್ಟರು ಕಡೇ ಮಾತು ಹೇಳಿಕಳಿಸಿದರು. ಮುಂದಿನ ಬುಧವಾರ ನಾನೇ ಬರುತ್ತೇನೆ, ಜನ ಬಂದು ಬಾಯಿಬಿಟ್ಟು ಮಾತಾಡಿದರೆ ಸರಿ, ಇಲ್ಲವಾದರೆ ಈ ಗುಂಪನ್ನು ಪಕ್ಕದೂರಿನ ಗಂಗುಲಮ್ಮನವರ ಗುಂಪಿಗೆ ಸೇರಿಸಿಬಿಡುತ್ತೇನೆ.

ಅವತ್ತು ಭಾವ ನಮ್ಮ ಮನೆಗೆ ಬಂದು ಕಾಫಿಯನ್ನೂ ಮುಟ್ಟದೆ ಕೂತರು.

“ಮಾರ್ಕೆಟ್ಟಿಗೆ ಮಷೀನ್ ಬಂತು, ನಿನ್ ಗಂಟ್ಲು ಸಾಕು ಅಂದ್ರು ಕಣೋ ಚಿರಂಜೀವಿ. ಇಲ್ಲೂ ಬೇಡ ಅಂದ್ರೆ ನಾನು ಎಲ್ಲಿಗ್ ಹೋಗ್ಲಿ?”

ನನಗೆ ನಗು ಬರಲಿಲ್ಲ. ಅವರ ಮೇಲೆ ನನಗಿದ್ದ ಸಿಟ್ಟೆಲ್ಲ ಆ ಹೊತ್ತಿಗೆ ಇಳಿದುಹೋಗಿ, ಪಾಪ ಎನಿಸಿತು.

ಮುನಿಶಾಮಪ್ಪನನ್ನೂ ಶಿರೀಷಾಳನ್ನೂ ಕೈಕಾಲು ಹಿಡಿದು ಒಪ್ಪಿಸಿದೆ. ಆ ಬುಧವಾರ ಭಾವ ಇಸ್ತ್ರಿ ಷರಟು ಹಾಕಿ, ದನಿ ಚೆನ್ನಾಗಿ ಏಳಲೆಂದು ಕತ್ತಿನ ಸುತ್ತ ನೀಲಗಿರಿ ಎಣ್ಣೆ ಬಳಿದುಕೊಂಡು ಬಂದರು. ಪಾಸ್ಟರೂ ಬಂದರು. ಆದರೆ ಚಾಪೆ ಹಾಸಿರಲಿಲ್ಲ. ಕದಿರಮ್ಮ ಸೆರಗು ಸಿಕ್ಕಿಸಿಕೊಂಡು ಹುಳದ ಮನೆಯಿಂದ ಓಡಿಬಂದಳು.

“ಹುಳ ಹಣ್ಣಾಗ್ಬಿಟ್ಟಿದೆ. ಕೂಟ ಆಮೇಲೆ, ಎಲ್ರೂ ಕೈ ತೊಳ್ಕೊಂಡು ಬನ್ರಪ್ಪ.”

ನಮ್ಮ ಕಡೆ ಈ ಮಾತಿಗೆ ಎದುರಾಡುವವರಿಲ್ಲ. ಹಣ್ಣಾದ ಹುಳ ಸೊಪ್ಪು ಬಿಟ್ಟು ಗೂಡಿಗೆ ಜಾಗ ಹುಡುಕುತ್ತದೆ. ಆಗಲೇ ಆರಿಸಿ, ಗೂಡು ಕಟ್ಟಿಸುವ ಬಿದಿರಿನ ತಟ್ಟಿ ಚಂದ್ರಿಕೆಗೆ ಬಿಡದಿದ್ದರೆ ಕಂಡಕಂಡಲ್ಲಿ ನೂಲು ಕಟ್ಟಿ ಬೆಳೆ ಹಾಳು. ಪಾಸ್ಟರು ಪ್ಯಾಂಟು ಮಡಚಿದರು. ಭಾವ ಹೊಸಿಲು ದಾಟುವಷ್ಟರಲ್ಲಿ ಕದಿರಮ್ಮ ಮೂಗು ಮುಚ್ಚಿಕೊಂಡಳು.

“ಏನ್ ನಾಯ್ನಾ ಇದು ವಾಸನೆ? ನನ್ ಹುಳ ಸಾಯ್ಸಕ್ಕೆ ಬಂದಿದ್ಯಾ?”

ಅವರನ್ನು ಹೊರಗೆ ಜಗಲಿಯಲ್ಲೇ ಕೂರಿಸಿ, ಕತ್ತು ತೊಳೆಸಿ, ಉಳಿದ ವಾಸನೆಯೂ ಹಾಯದಂತೆ ಒದ್ದೆ ಟವೆಲನ್ನು ಕತ್ತಿನಿಂದ ಮೂಗಿನವರೆಗೆ ಬಿಗಿದು ಕಟ್ಟಿದಳು. ಒಳಗಿಂದ ಬಂದ ಹುಳವನ್ನು ಜಗಲಿಯಲ್ಲಿ ಚಂದ್ರಿಕೆಗೆ ಬಿಡುವ ಕೆಲಸ ಅವರಿಗೂ ನನಗೂ ಬಂತು. ಮಾರುಕಟ್ಟೆಯನ್ನೇ ನಡುಗಿಸಿದ ಗಂಟಲು ಹೀಗೆ ಒಂದು ಟವೆಲಿಗೆ ಸುಮ್ಮನಾಯಿತು.

ಒಳಗೆ ಎಲ್ಲರೂ ಬಗ್ಗಿ ಹುಳ ಆರಿಸುತ್ತಿದ್ದರು. ಅವತ್ತಿನ ಪಾಠವನ್ನು ಪಾಸ್ಟರೇ ಬಾಯಲ್ಲಿ ಹೇಳಿದರು. ಹನ್ನೆರಡು ವರ್ಷದ ಯೇಸು ಜಾತ್ರೆಯಲ್ಲಿ ತಪ್ಪಿಸಿಕೊಂಡು, ತಂದೆತಾಯಿ ಮೂರು ದಿನ ಹುಡುಕಿ, ಕೊನೆಗೆ ದೇವಾಲಯದಲ್ಲಿ ಬೋಧಕರ ನಡುವೆ ಸಿಕ್ಕಿದ ಕಥೆ.

“ಮೂರ್ ದಿನಾನಾ? ನಮ್ ಹುಡ್ಗ ಸಂತೇಲಿ ಒಂದ್ ಗಳಿಗೆ ಕಾಣ್ದೆ ಹೋದಾಗ್ಲೇ ನನ್ ಜೀವ ಹೋಗಿತ್ತು,” ಎಂದಳು ಕದಿರಮ್ಮ.

“ಸಿಕ್ಕಿದ್ಮೇಲೆ ಅವರಮ್ಮ ಬೈದ್ಳಲ್ಲ, ಅದು ನಂಗಿಷ್ಟ. ದೇವರ ಮಗ ಅಂತ ಬಿಡ್ಲಿಲ್ಲ,” ಎಂದಳು ಶಿರೀಷಾ.

“ಅದಲ್ಲಮ್ಮ,” ಎಂದ ಮುನಿಶಾಮಪ್ಪ. “ಆ ಮಗು ಅಲ್ಲಿ ಕೂತು ಕೇಳಿಸ್ಕೊಳ್ತಿತ್ತಂತೆ, ಪ್ರಶ್ನೆ ಕೇಳ್ತಿತ್ತಂತೆ. ಎಲ್ಲಾ ಗೊತ್ತಿರೋ ಸ್ವಾಮೀನೇ ಕೇಳಿಸ್ಕೊಂಡ ಅಂದ್ರೆ...” ಎಂದು ಜಗಲಿಯ ಕಡೆ ನೋಡಿ ಮಾತು ನುಂಗಿದ.

ಆಗ ನಮ್ಮಕ್ಕ, ಕೂಟದಲ್ಲಿ ಒಮ್ಮೆಯೂ ತುಟಿ ಬಿಚ್ಚದವಳು, ಹುಳದ ತಟ್ಟೆ ಹಿಡಿದೇ ಹೇಳಿದಳು.

“ಅವರಮ್ಮ ಎಲ್ಲಾನೂ ಮನಸ್ಸಲ್ಲೇ ಇಟ್ಕೊಂಡ್ಳು ಅಂತ ಬರ್ದಿದೆಯಲ್ಲ. ಇನ್ನೇನ್ ಮಾಡ್ತಾಳೆ ಪಾಪ? ಅವಳ ಗಂಡ ಯೋಸೇಫನೂ ಹರಾಜು ಕೂಗ್ತಿದ್ದನೇನೋ.”

ಪಾಸ್ಟರು ನಕ್ಕ ರಭಸಕ್ಕೆ ಕೈಯಲ್ಲಿದ್ದ ಹುಳ ಷರಟಿನ ಜೇಬಿಗೆ ಬಿತ್ತು. ಎಲ್ಲರೂ ನಗುವುದನ್ನು ಕಂಡು ಭಾವ ಎದ್ದು ಬಾಗಿಲಿಗೆ ಬಂದು ಟವೆಲು ಕೆಳಗೆಳೆದರು.

“ಏನಂದ್ಳು?”

ನಗು ನಿಂತಿತು. ಎಲ್ಲರೂ ತಲೆ ಬಗ್ಗಿಸಿ ಮತ್ತೆ ಹುಳ ಆರಿಸತೊಡಗಿದರು.

“ನಿಜವಾಗ್ಲೂ ಕೇಳಿಸ್ಲಿಲ್ಲ,” ಎಂದರು ಭಾವ. ದನಿ ತಗ್ಗಿತ್ತು. “ಆ ಮಾರ್ಕೆಟ್ ಗಲಾಟೇಲಿ ಎಡಗಿವಿ ಯಾವತ್ತೋ ಹೋಯ್ತು. ನೀವ್ ಹೇಳೋದು ಅರ್ಧಕ್ಕರ್ಧ ಗೊತ್ತಾಗಲ್ಲ. ಏನಂದ್ರಿ, ಏನಂದ್ರಿ ಅಂತ ಎಷ್ಟ್ ಸಲ ಕೇಳದು? ಮರ್ಯಾದೆ ಪ್ರಶ್ನೆ. ಅದಕ್ಕೆ ನಾನೇ ಮಾತಾಡ್ಬಿಡ್ತಿದ್ದೆ.”

ಅವತ್ತು ಭಯ ಅಂತ ತಾನು ಹೇಳಿದ್ದು ಇವರಿಗೆ ಕೇಳಿಸಿರಲೇ ಇಲ್ಲ ಎಂದು ಶಿರೀಷಾಗೆ ಆಗ ಹೊಳೆದಿರಬೇಕು, ಅವಳ ಕಣ್ಣಲ್ಲಿ ನೀರು ಬಂತು.

ಅಕ್ಕ ತಟ್ಟೆ ಕೆಳಗಿಟ್ಟು ಅವರ ಬಲಕ್ಕೆ ಹೋಗಿ, ಕಿವಿಯ ಹತ್ತಿರ ಬಾಯಿಟ್ಟು, ಯೋಸೇಫನನ್ನೂ ಬಿಡದೆ ಎಲ್ಲವನ್ನೂ ಹೇಳಿದಳು. ಭಾವ ನಕ್ಕರು. ನಕ್ಕು, ಆಮೇಲೆ ಅಕ್ಕನ ಕಡೆ ತಿರುಗಿದರು.

“ಹಂಗಾರೆ ನೀನ್ ಮನಸ್ಸಲ್ಲಿ ಇಟ್ಕೊಂಡಿದ್ದು ಏನು ಶ್ಯಾಮಲಾ? ಒಂದ್ ದಿನನಾದ್ರೂ ನಂಗ್ ಹೇಳ್ಬಾರ್ದಿತ್ತಾ?”

“ಹೇಳ್ತಾನೇ ಇದೀನಲ್ರೀ,” ಎಂದಳು ಅಕ್ಕ. “ದಿನಾ ಮಲಗಿದ್ಮೇಲೆ ಹೇಳ್ತೀನಿ. ನಾನು ಮಲಗೋದು ನಿಮ್ ಎಡಗಡೆ.”

ಗುಂಪನ್ನು ಬೇರೆಡೆ ಸೇರಿಸುವ ಮಾತನ್ನು ಪಾಸ್ಟರು ಮತ್ತೆ ಎತ್ತಲಿಲ್ಲ. ಮುಂದಿನ ಬುಧವಾರ ಕದಿರಮ್ಮ ಎರಡು ಚಾಪೆ ಹಾಸಿದಳು. ಭಾವ ಗಂಡಸರ ಚಾಪೆಯಲ್ಲಿ ಕೂತು, ಬಲಗಡೆ ಜಾಗ ಬಿಟ್ಟು, ಎಲ್ಲರೆದುರಿಗೂ ಅಕ್ಕನನ್ನು ಕರೆದು ಅಲ್ಲಿ ಕೂರಿಸಿಕೊಂಡರು.